ಹಿಡಿಯುವ ನೀರು, ಬಿಡುವ ನೀರು

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮಹಾಗಾಂವ ದಾಟಿದ ಮೇಲೆ ಎಲ್ಲರಿಗೂ ಒಂದು ತೂಕಡಿಕೆ ಬರುತ್ತದೆ. ಅಲ್ಲಿಯವರೆಗೆ ಹತ್ತುವವರ ಇಳಿಯುವವರ ಗದ್ದಲ. ಅಲ್ಲಿಂದಾಚೆ ಎರಡೂ ಬದಿಗೆ ತೊಗರಿ ಹೊಲ, ನಡುವೆ ಒಂದು ಕಪ್ಪು ರಸ್ತೆ, ಬೇಸಿಗೆಯಾದರೆ ಆ ರಸ್ತೆಯ ತುದಿಯಲ್ಲಿ ಎಷ್ಟು ಹೋದರೂ ಸಿಗದ ಒಂದು ಬಿಸಿಲುಗುದುರೆಯ ಕೆರೆ. ಕಂಡಕ್ಟರ್ ಕೂಡ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಾನೆ. ನನ್ನ ಪಕ್ಕದಲ್ಲಿ, ಕಿಟಕಿಯ ಕಡೆಗೆ ಕೂತಿರುತ್ತಿದ್ದ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಸರಿಯಾಗಿ ಆ ಹೊತ್ತಿಗೇ ಮಾತು ಶುರು ಮಾಡುತ್ತಿದ್ದರು. ಹೀಗಾಗಿ ನೀರಿನ ಬಗ್ಗೆ ನನಗೆ ಏನೇನು ಗೊತ್ತಿದೆಯೋ ಅದರಲ್ಲಿ ಅರ್ಧದಷ್ಟು ನಾನು ನಿದ್ದೆಗಣ್ಣಿನಲ್ಲಿ ಕೇಳಿದ್ದು. ಯಾವುದು ಅವರು ಹೇಳಿದ್ದು, ಯಾವುದು ನಾನು ಕನಸಿನಲ್ಲಿ ಸೇರಿಸಿಕೊಂಡದ್ದು ಎಂದು ಈಗ ಬೇರ್ಪಡಿಸುವುದು ಕಷ್ಟ.

ಈ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನಗೆ ಮಾತಾಡಲು ಹೇಳಿದರು. ಕನ್ನಡ ಕಲಿಸುವವಳು, ಜೊತೆಗೆ ಅವರ ಖಾಸಾ ಗೆಳತಿ, ಚೆನ್ನಾಗಿಯೇ ಮಾತಾಡಿಯಾಳು ಎಂದು ಎಲ್ಲರೂ ಕಾದಿದ್ದರು. ನಾನು ಎದ್ದು ನಿಂತೆ, ಎರಡು ವಾಕ್ಯ ಹೇಳಿದೆ, ಕೂತುಬಿಟ್ಟೆ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎತ್ತರದ, ತೆಳ್ಳಗಿನ ಹೆಂಗಸು. ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿ, ನೆಲದ ಮೇಲೆ ಏನನ್ನೋ ಹುಡುಕುವವರ ಹಾಗೆ ನಡೆಯುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮದು ಶರಣಬಸವೇಶ್ವರ ಗುಡಿಯ ಹತ್ತಿರದ ಮನೆ, ಒಳಗೆಲ್ಲ ಮರಾಠಿ. ಇಬ್ಬರ ಮನೆಮಾತೂ ಕನ್ನಡವಲ್ಲ. ಆದರೂ ನಮ್ಮ ಗೆಳೆತನ ಬೆಳೆದದ್ದು ಕನ್ನಡದಲ್ಲೇ, ಅದೂ ಬಸ್ಸಿನ ಕನ್ನಡದಲ್ಲಿ. ಅವರು ನನ್ನನ್ನು ಕೊನೆಯವರೆಗೂ 'ಕನ್ನಡ ಮೇಡಮ್ಮೋರೆ' ಎಂದೇ ಕರೆದರು. ನಾನು ಮೊದಲ ವರ್ಷ ಮೇಡಂ ಎನ್ನುತ್ತಿದ್ದೆ. ಆಮೇಲೆ ಯಾವಾಗಲೋ ಗೊತ್ತಾಗದ ಹಾಗೆ ಆಪಾ ಎನ್ನತೊಡಗಿದೆ. ನನಗೆ ಅಕ್ಕ ಇರಲಿಲ್ಲ.

ಮೊದಲ ಸಲ ಅವರು ನೀರಿನ ಮಾತೆತ್ತಿದ್ದು ಒಂದು ಚಳಿಗಾಲದ ಬೆಳಿಗ್ಗೆ. ಕಮಲಾಪುರದಲ್ಲಿ ಬಸ್ಸಿಳಿದು ಕಾಲೇಜಿಗೆ ನಡೆಯುವ ದಾರಿಯಲ್ಲಿ ಒಂದು ಬಾಳೆಯ ತೋಟವಿದೆ. ನಮ್ಮ ಕಡೆಯ ಕೆಂಬಾಳೆ. ಅವರು ಬೇಲಿಯ ಹತ್ತಿರ ನಿಂತು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಎಲಿ ಅಂಚು ನೋಡ್ರಿ. ಹನಿ ಸಾಲಾಗಿ ನಿಂತಾವ."

"ಇಬ್ಬನಿ ಅಲ್ಲೇನ್ರಿ?"

"ಅಲ್ಲ. ಇಬ್ಬನಿ ಹೊರಗಿಂದ ಬರ್ತದ. ಇದು ಒಳಗಿಂದ ಬಂದದ. ರಾತ್ರಿ ಬೇರು ಕುಡದಿದ್ದು ಹೆಚ್ಚಾಗಿ, ಎಲಿ ತುದಿಗಿ ಬಂದು ಹೊರಗ ಇಣಕಿ ನೋಡಾಕತ್ತದ."

ಆಮೇಲೆ ನಡೆಯುತ್ತ, ಅಷ್ಟೆತ್ತರಕ್ಕೆ ನೀರು ಹೇಗೆ ಏರುತ್ತದೆ ಎಂದು ಹೇಳಿದರು. ರಾತ್ರಿಯ ಈ ಹನಿ ಬೇರಿನ ಒತ್ತಡದ್ದು, ಆದರೆ ಹಗಲಿನ ಕಥೆ ಬೇರೆ. ಬಿಸಿಲಿಗೆ ಎಲೆಯಿಂದ ಒಂದು ನೀರಿನ ಕಣ ಆವಿಯಾಗಿ ಹೊರಡುತ್ತದೆ. ಹೊರಡುವಾಗ ಹಿಂದಿನದರ ಕೈ ಹಿಡಿದು ಜಗ್ಗುತ್ತದೆ. ಅದು ಅದರ ಹಿಂದಿನದನ್ನು. ಹಾಗೆ ಎಲೆಯಿಂದ ಬೇರಿನ ತುದಿಯವರೆಗೆ ಒಂದೇ ಸರಪಳಿ. "ಪಂಪಿಲ್ಲ, ಮೋಟರಿಲ್ಲ, ಕರೆಂಟಿನ ಫಿಕರಿಲ್ಲ. ನೀರಿಗಿ ನೀರೇ ಕೈ ಕೊಡ್ತದ್ರಿ," ಎಂದರು. ಹೇಳುವಾಗ ತಮ್ಮ ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು, ಬಿಡಿಸಿ, ಮತ್ತೆ ಹೆಣೆದರು. ಅದು ಅವರ ಅಭ್ಯಾಸ. ಬಸ್ಸಿನಲ್ಲಿ ಸುಮ್ಮನೆ ಕೂತಾಗಲೂ ಬೆರಳು ಹೆಣೆಯುವುದು, ಬಿಡಿಸುವುದು ನಡೆದೇ ಇರುತ್ತಿತ್ತು. ಅಪರಿಚಿತರು ನೋಡಿದರೆ ಜಪ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು.

ಆ ಕೈ ಹಿಡಿಯುವ ಮಾತನ್ನು ನಾನು ಕನ್ನಡದವಳ ಅಭ್ಯಾಸಕ್ಕೆ ತಕ್ಕಂತೆ ಉಪಮೆ ಎಂದುಕೊಂಡಿದ್ದೆ. ಒಂದು ದಿನ ಹಾಗೆಂದೂಬಿಟ್ಟೆ. ಅವರಿಗೆ ನಗು ಬಂತು.

"ಉಪಮಾ ಅಲ್ರೀ, ಖರೇನೇ ಹಿಡೀತದ. ಆಮ್ಲಜನಕಕ್ಕ ಜರಾ ಆಸಿ ಜಾಸ್ತಿ. ಜಲಜನಕದ ಕಡಿಂದ ಎಲ್ಲಾ ತನ್ನ ಕಡಿಗಿ ಎಳಕೊಂತದ. ಅದಕ್ಕ ಒಂದು ಕಣದ ಜಲಜನಕ ಬಾಜೂದ ಕಣದ ಆಮ್ಲಜನಕಕ್ಕ ಅಂಟತದ. ಹಿಡೀತದ, ಬಿಡತದ, ಮತ್ತ ಇನ್ನೊಂದು ಹಿಡೀತದ. ಕಣ್ಣು ಪಿಳುಕಿಸೋದ್ರಾಗ ಎಷ್ಟು ಸಲ ಬಿಟ್ಟು ಹಿಡದಿರತದೋ ಆ ಅಲ್ಲಾನೇ ಬಲ್ಲ."

"ಹಂಗಾದ್ರ ಗಟ್ಟಿ ಹಿಡಿಯಂಗಿಲ್ಲ?"

"ಗಟ್ಟಿ ಹಿಡದ್ರ ಬರ್ಫ್ ಆಗ್ತದ. ಹರಿಯಂಗಿಲ್ಲ. ಬಿಡ್ತದಂತನೇ ಅದು ನೀರು."

ಹೀಗೆ ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ತಾವು ಏನೋ ದೊಡ್ಡ ಮಾತು ಹೇಳಿದೆವೆಂಬ ಅರಿವೇ ಅವರಿಗಿರುತ್ತಿರಲಿಲ್ಲ. ಅವರಿಗೆ ಅದು ನೀರಿನ ವಿಷಯ, ಅಷ್ಟೇ.

ಅವರ ತರಗತಿಯ ಹೊರಗೆ ನಾನು ಎಷ್ಟೋ ಸಲ ನಿಂತು ಕೇಳಿದ್ದೇನೆ. ಒಮ್ಮೆ ಎರಡು ಗಾಜಿನ ತುಂಡು ತಂದು, ನಡುವೆ ನಾಲ್ಕು ಹನಿ ನೀರು ಹಾಕಿ ಒತ್ತಿ, ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಕರೆದರು. ಗರಡಿಯಲ್ಲಿ ಸಾಮು ಮಾಡುವ ಹುಡುಗ, ತೋಳು ಕಂಬದಷ್ಟು ದಪ್ಪ. "ಬಾರಪ್ಪ ಪೈಲ್ವಾನ, ಎರಡೂ ಬ್ಯಾರೆ ಮಾಡು," ಎಂದರು. ಅವನು ಜಗ್ಗಿದ. ಮುಖ ಕೆಂಪಗಾಯಿತು. ತರಗತಿಯಲ್ಲಿ ಸಿಳ್ಳೆ. ಗಾಜು ಬಿಡಲಿಲ್ಲ. ಮೇಡಂ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೇಲಿನದನ್ನು ಬೆರಳಿನಿಂದ ಬದಿಗೆ ಸರಿಸಿದರು. ಬೆಣ್ಣೆಯ ಮೇಲೆ ಜಾರಿದ ಹಾಗೆ ಬಂದುಬಿಟ್ಟಿತು. "ನೀರಿನ ಮುಂದ ಜೋರ ನಡಿಯಂಗಿಲ್ಲ," ಎಂದರು. "ಜಗ್ಗಬ್ಯಾಡ, ಸರಸು." ಹುಡುಗರು ಎಷ್ಟೋ ದಿನ ಒಬ್ಬರಿಗೊಬ್ಬರು "ಜಗ್ಗಬ್ಯಾಡಲೇ, ಸರಸು" ಎಂದು ಹೇಳಿಕೊಂಡು ಓಡಾಡಿದರು.

ಇನ್ನೊಮ್ಮೆ ಒಬ್ಬಳು ಹುಡುಗಿ, ನಮ್ಮೂರ ಕೆರೆ ಯಾವಾಗ ಬರ್ಫ್ ಆಗುತ್ತದೆ ಎಂದು ಕೇಳಿದಳಂತೆ. ಅವತ್ತು ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ನಕ್ಕರು. ಆಮೇಲೆ ಮಹಾಗಾಂವದ ಹತ್ತಿರ ನನ್ನ ತಲೆ ವಾಲತೊಡಗಿದಾಗ ಮೆಲ್ಲಗೆ ಹೇಳತೊಡಗಿದರು. ಬೇರೆ ಬಹುತೇಕ ಪದಾರ್ಥ ಹೆಪ್ಪುಗಟ್ಟಿದರೆ ಭಾರವಾಗಿ ತಳಕ್ಕೆ ಇಳಿಯುತ್ತದೆ. ನೀರು ಮಾತ್ರ ಹೆಪ್ಪುಗಟ್ಟಿದಾಗ ಅರಳಿಕೊಂಡು, ಹಗುರಾಗಿ, ಮೇಲೆ ತೇಲುತ್ತದೆ. ಚಳಿದೇಶದ ಕೆರೆಗಳ ಮೇಲೆ ಬರ್ಫಿನ ಚಪ್ಪರ ಬೀಳುತ್ತದೆ. ಚಪ್ಪರದ ಕೆಳಗೆ ನೀರು ನೀರಾಗಿಯೇ ಇರುತ್ತದೆ, ಮೀನು ಬದುಕಿರುತ್ತದೆ. "ಮೀನಿಗಿ ತಗಡ ಹಾಕಿ ಕೊಟ್ಟಂಗ ನೋಡ್ರಿ," ಎಂದರು. ನಾನು ಆ ಮಾತಿನಲ್ಲೇ ನಿದ್ದೆ ಹೋದೆ. ಹೊರಗೆ ನಮ್ಮೂರಿನ ಉರಿ. ಒಳಗೆ ನನ್ನ ಕಣ್ಣೊಳಗೆ ಬೆಳ್ಳನೆಯ ಚಾವಣಿ, ಅದರ ಕೆಳಗೆ ಹಸಿರು ಬೆಳಕು, ಮೆಲ್ಲಗೆ ರೆಕ್ಕೆ ಅಲ್ಲಾಡಿಸುವ ಮೀನುಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಹತ್ತಿರ ಆಟೋಗಳ ಹಾರ್ನಿಗೆ ಎಚ್ಚರಾದಾಗ ಮೈ ತಣ್ಣಗಿತ್ತು. ಸುಳ್ಳಲ್ಲ, ನಿಜವಾಗಿ ತಣ್ಣಗಿತ್ತು.

ಆದರೆ ಅವರು ಬರೇ ಮಾತಿನವರಾಗಿರಲಿಲ್ಲ. ಪೂರಕ ಪರೀಕ್ಷೆಯ ಕೆಲಸಕ್ಕೆಂದು ಮೇ ತಿಂಗಳಲ್ಲಿ ಹೋಗುತ್ತಿದ್ದೆವು. ಒಂದು ಮಧ್ಯಾಹ್ನ ಬಸ್ಸು ಇದ್ದಕ್ಕಿದ್ದಂತೆ ರಸ್ತೆಯ ಬದಿಗೆ ವಾಲಿ ನಿಂತಿತು. ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ. ಮೈ ಕೆಂಡ. ಏನೇನೋ ಬಡಬಡಿಸುತ್ತಿದ್ದ. ಯಾರೋ ಉಳ್ಳಾಗಡ್ಡಿ ಮೂಸಿಸಿರಿ ಎಂದರು, ಇನ್ಯಾರೋ ಗಾಳಿ ತಾಗಬಾರದು, ಹೊದಿಸಿರಿ ಎಂದರು. ಆಪಾ ಎಲ್ಲರನ್ನೂ ಸರಿಸಿ ಮುಂದೆ ಹೋದರು. ಅವನನ್ನು ಇಳಿಸಿ ಬೇವಿನ ಮರದ ನೆರಳಿಗೆ ಮಲಗಿಸಲು ಹೇಳಿದರು. ಅಂಗಿಯ ಗುಂಡಿ ಬಿಚ್ಚಿಸಿದರು. ಆಮೇಲೆ ಬಸ್ಸಿನವರ ಕಡೆ ತಿರುಗಿ, "ಎಲ್ರೂ ನಿಮ್ಮ ನಿಮ್ಮ ಬಾಟ್ಲಿ ತರ್ರಿ," ಎಂದರು.

ಒಬ್ಬ ಮುದುಕ ಬಾಟಲಿಯನ್ನು ಎದೆಗೆ ಅವಚಿಕೊಂಡ. "ಕುಡಿಲಾಕ ನೀರಿಲ್ಲ, ನೀವು ಮೈಮ್ಯಾಲ ಸುರಿತೀರೇನ್ರಿ ಅಕ್ಕಾರ?"

"ಕುಡಸಬೇಕಂದ್ರ ಅಂವಗ ಎಚ್ಚರ ಎಲ್ಲಿ ಅದ ಅಜ್ಜಾರ? ಮೊದಲ ಮೈ ಆರಲಿ. ಕೊಡ್ರಿ."

ಮುದುಕ ಕೊಟ್ಟ. ಡ್ರೈವರನ ಎದೆ, ಕುತ್ತಿಗೆ, ಕಂಕುಳು ಎಲ್ಲ ತೋಯಿಸಿ, ಪುಸ್ತಕ, ಟವೆಲ್, ಸೆರಗು ಏನು ಸಿಕ್ಕಿತೋ ಅದರಿಂದ ಎಲ್ಲರೂ ಗಾಳಿ ಬೀಸಿದೆವು. ನೀರು ಆರಿದ ಹಾಗೆ ಮತ್ತೆ ಹಾಕುವುದು, ಮತ್ತೆ ಬೀಸುವುದು. ಎಷ್ಟೋ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟು, "ಗಾಡಿ ಯಾಕ ನಿಂತದ?" ಎಂದು ಕೇಳಿದ. ಎಲ್ಲರೂ ಒಟ್ಟಿಗೆ ನಕ್ಕುಬಿಟ್ಟರು. ಒಂದು ಟೆಂಪೋದಲ್ಲಿ ಅವನನ್ನು ಆಸ್ಪತ್ರೆಗೆ ಕಳಿಸಿದೆವು, ಬದುಕಿಕೊಂಡ. ಆ ಮರದ ನೆರಳಿನಲ್ಲೇ ಮುಂದಿನ ಬಸ್ಸಿಗೆ ಕಾಯುತ್ತ ಕೂತಾಗ ಆಪಾ ತಮ್ಮ ಒದ್ದೆ ಸೆರಗು ಹಿಂಡುತ್ತ ಹೇಳಿದ್ದು ನೆನಪಿದೆ. "ಆವಿ ಆಗಬೇಕಂದ್ರ ನೀರು ಎಲ್ಲಾ ಕೈ ಬಿಡಿಸ್ಕೊಂಡು ಹೋಗಬೇಕಲ್ಲ, ಅದಕ್ಕ ಭಾಳ ತಾಕತ್ತು ಬೇಕ. ಆ ತಾಕತ್ತು ಮೈಯ ಝಳದಿಂದ ತಗೊಂತದ. ಸುಮ್ಮ ಹೋಗಂಗಿಲ್ರಿ ಅದು. ಹೋಗೋವಾಗ ಝಳ ಕಟಗೊಂಡು ಹೋಗ್ತದ. ನಿಮ್ಮನ್ಯಾಗ ಕೂಲರ್ ಅದ ಅಲ್ಲ, ಅದೂ ಇದೇ ಮಾಡ್ತದ."

ಮುದುಕ ಪಕ್ಕದಲ್ಲೇ ಕೂತಿದ್ದ. ಖಾಲಿ ಬಾಟಲಿಯನ್ನು ತಿರುಗಿಸಿ ನೋಡಿ, "ಪುಣ್ಯಾಕ್ಕ ಹೋತು ಬಿಡ್ರಿ," ಎಂದ.

ಆಪಾಗೆ ಕಾಯಿಲೆ ಬಂದದ್ದು ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತಿತ್ತು. ಕಾಲನ್ನು ಬೆರಳಿನಿಂದ ಒತ್ತಿ ಕುಳಿ ಬೀಳುವುದನ್ನು ಅವರೇ ನನಗೆ ತೋರಿಸಿದರು, ಬಾಳೆ ಎಲೆಯ ಹನಿಯನ್ನು ತೋರಿಸಿದಷ್ಟೇ ಕುತೂಹಲದಿಂದ. "ನೀರು ತನ್ನ ಜಾಗ ಬಿಟ್ಟದ ನೋಡ್ರಿ," ಎಂದರು. ಬಹಳ ವರ್ಷದ ರಕ್ತದೊತ್ತಡ ಮೂತ್ರಪಿಂಡ ಎರಡನ್ನೂ ತಿಂದುಹಾಕಿತ್ತು. ಔಷಧ, ಪಥ್ಯ ಎಲ್ಲ ಮುಗಿದು, ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು.

ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸೂಜಿಯಲ್ಲ, ಯಂತ್ರವಲ್ಲ, ನೀರು ಕುಡಿಯಬಾರದೆಂಬ ಕಟ್ಟಳೆ. ಒಳಗೆ ಹೋದದ್ದು ಹೊರಗೆ ಬರುವ ದಾರಿಯಿಲ್ಲ, ಹೀಗಾಗಿ ದಿನಕ್ಕೊಂದು ಸಣ್ಣ ಬಾಟಲಿ, ಅದರಲ್ಲೇ ಚಹಾ, ಅದರಲ್ಲೇ ಸಾರು, ಅದರಲ್ಲೇ ಗುಳಿಗೆ. ನಮ್ಮೂರಿನ ಬೇಸಿಗೆಯಲ್ಲಿ. ಜೀವಮಾನವೆಲ್ಲ ನೀರನ್ನು ಹೊಗಳಿದ ಹೆಂಗಸಿಗೆ. ನಾನು ಬಸ್ಸಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ. ಬಾಟಲಿಯನ್ನು ಚೀಲದ ತಳದಲ್ಲಿ ಇಡತೊಡಗಿದೆ. ಒಂದು ದಿನ ಅವರು ಚೀಲಕ್ಕೆ ಕೈ ಹಾಕಿ ಅದನ್ನು ಹೊರಗೆ ತೆಗೆದು ನನ್ನ ಕೈಯಲ್ಲಿಟ್ಟರು.

"ಕುಡೀರಿ."

"ನನಗ ನೀರಡಿಕಿ ಇಲ್ರೀ ಆಪಾ."

"ತುಟಿ ಒಣಗ್ಯಾವ, ಸುಳ್ಳ ಹೇಳ್ತೀರಿ. ನೀವು ಕುಡೀರಿ, ನಾ ನೋಡ್ತೇನಿ. ನೋಡಿದ್ರೂ ಜರಾ ಹಗುರಾಗ್ತದ."

ಅವತ್ತು ಕುಡಿದಷ್ಟು ಕಷ್ಟಪಟ್ಟು ನಾನು ನೀರು ಎಂದೂ ಕುಡಿದಿಲ್ಲ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ನಿದ್ದೆಯಲ್ಲಿ ಬಾವಿ ಕಾಣುತ್ತದೆ ಎಂದು ಒಮ್ಮೆ ಹೇಳಿದ್ದರು. ಕಮಲಾಪುರದ ತವರುಮನೆಯ ಹಿತ್ತಲಿನ ಬಾವಿ, ಅದರ ಮೆಟ್ಟಿಲಿಳಿದು, ನೀರು ಮುಟ್ಟುವ ಮೊದಲೇ ಎಚ್ಚರಾಗುತ್ತದಂತೆ.

ಆದರೂ ಉಳಿದ ದಿನ ಕಾಲೇಜಿಗೆ ಬರುವುದನ್ನು ಬಿಡಲಿಲ್ಲ. ಅಭಿಸರಣೆಯ ಪಾಠ ಬಂದಾಗ, ತೆಳು ಪೊರೆಯ ಮೂಲಕ ನೀರು ಹೇಗೆ ದಾಟುತ್ತದೆ, ಉಪ್ಪು ಹೇಗೆ ದಾಟುತ್ತದೆ ಎಂದು ಹೇಳುತ್ತ, ತೋಳು ಸರಿಸಿ ತೋರಿಸಿದರಂತೆ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿದ ಜಾಗದಲ್ಲಿ ಬೆರಳಿಟ್ಟರೆ ದುಂಬಿಯ ಹಾಗೆ ಝೇಂಕಾರ ತಾಗುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಒಬ್ಬಳು ಅತ್ತಳು. "ಅಳಬ್ಯಾಡ ತಂಗಿ," ಎಂದರಂತೆ. "ಉಪ್ಪು ನೀರು ಎರಡೂ ಹೊರಗ ಹೋಗ್ತಾವ. ನನಗಾದ್ರ ಅದು ಬೇಕಾಗ್ಯಾದ. ನಿನಗ್ಯಾಕ?"

ಡಾಕ್ಟರು ಹೇಳಿದ ಇನ್ನೊಂದು ದಾರಿ, ಯಾರಾದರೂ ಹತ್ತಿರದವರು ಮೂತ್ರಪಿಂಡ ಕೊಡುವುದು. ಅವರ ಗಂಡ ಸೂಪರ್ ಮಾರ್ಕೆಟ್‌ನಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟವರು, ಮೆದು ಮಾತಿನವರು. ತಾವು ಕೊಡುತ್ತೇನೆಂದು ಮೊದಲು ಮುಂದೆ ಬಂದರು. ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲವೆಂದರು. ಆಪಾಗೆ ಒಡಹುಟ್ಟಿದವರಿಲ್ಲ. ಉಳಿದವರು ಅಮ್ಮಿ. ಅಂದರೆ ಅವರ ತಾಯಿ, ಕಮಲಾಪುರದಲ್ಲಿ ಒಬ್ಬರೇ ಇದ್ದು, ಆಳುಗಳನ್ನಿಟ್ಟುಕೊಂಡು ತೋಟ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ವಯಸ್ಸಾಗಿತ್ತು, ಆದರೆ ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು. ಡಾಕ್ಟರು ಯೋಚಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಆಗಲಿ ಎಂದರು. ಆಗುವುದಿಲ್ಲ ಎಂದವರು ಆಪಾ.

ಕಾಲೇಜು ಬಿಟ್ಟ ಮೇಲೆ ಒಂದು ಸಂಜೆ ಅಮ್ಮಿ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಅಂಗಳದಲ್ಲಿ ಹೊರಸಿನ ಮಂಚ ಹಾಕಿದ್ದರು. ಆಪಾ ಬಂದವರೇ ಗೋಡೆಯ ಕಡೆ ಮುಖ ಮಾಡಿ ಕೂತರು. ತಾಯಿ ಮಗಳ ನಡುವೆ ದಖನಿಯಲ್ಲಿ ಒಂದಿಷ್ಟು ಹೊತ್ತು ನಡೆಯಿತು. ನನಗೆ ಅರ್ಧ ಅರ್ಥವಾಯಿತು, ಅರ್ಧ ದನಿಯಿಂದ ತಿಳಿಯಿತು. ಆಮೇಲೆ ಅಮ್ಮಿ ನನ್ನ ಕಡೆ ತಿರುಗಿ, ಬೇಕೆಂದೇ ಕನ್ನಡದಲ್ಲಿ ಮಾತಾಡಿದರು. ನಾನು ಸಾಕ್ಷಿಯಾಗಿರಬೇಕೆಂದು.

"ನೀವರ ಕೇಳ್ರಿ ಮೇಡಂ. ಯಾಕ ಒಲ್ಲೆ ಅಂತಾಳ?"

ಆಪಾ ಗೋಡೆಗೇ ಹೇಳಿದರು. "ಇರೋದು ಎರಡು. ಅದರಾಗ ಒಂದು ನಾ ಕಸಗೊಂಡ್ರ, ನಾಳಿ ಅಮ್ಮಿಗಿ ಏನರ ಆದ್ರ? ನಾ ಹೆಂಗ ತಡಕೊಳ್ಳಲಿ?"

"ಕಸಗೊಳ್ಳಾಕ ನಾ ಏನು ಸಣ್ಣ ಹುಡುಗಿ? ನಾ ಕೊಡ್ಲಾಕತ್ತೀನಿ."

"ನಿನಗ ತಕ್ಲೀಫ್ ಆಗ್ತದ ಅಮ್ಮೀ. ಈ ವಯಸ್ಸಿನ್ಯಾಗ ಹೊಟ್ಟಿ ಕೊಯ್ಯಿಸ್ಕೊಳ್ಳೋದು ಸಣ್ಣ ಮಾತೇನು?"

ಬಾಳೆಯ ಎಲೆಗಳು ಸಂಜೆಗಾಳಿಗೆ ಪಟಪಟ ಎನ್ನುತ್ತಿದ್ದವು. ಅಮ್ಮಿ ನನ್ನನ್ನೇ ನೋಡುತ್ತ ಹೇಳಿದರು.

"ಒಂಬತ್ತು ತಿಂಗಳ ನನ್ನ ನೀರಾಗ ಈಸ್ಯಾಡಿ ಬಂದಾಳ್ರಿ ಈಕಿ. ಆಗ ಒಂದಿನರ ಕೇಳಿದ್ಲೇನು, ಅಮ್ಮೀ ನಿನಗ ತಕ್ಲೀಫ್ ಆಗ್ತದೇನು ಅಂತ? ಒದೀತಿದ್ಲು. ರಾತ್ರಿಯೆಲ್ಲಾ ಒದೀತಿದ್ಲು. ಆಗ ಕೇಳದಾಕಿ ಈಗ್ಯಾಕ ಕೇಳ್ತಾಳ್ರಿ?"

ಆಪಾಗೆ ಅಳು ಬರುತ್ತದೆ ಎಂದುಕೊಂಡೆ. ಬಂದದ್ದು ನಗು. ಗೋಡೆಯ ಕಡೆಯೇ ಮುಖವಿಟ್ಟು, ಬೆನ್ನು ಅಲುಗುವ ಹಾಗೆ ನಕ್ಕರು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಅಮ್ಮಿ ಎದ್ದು ಹೋಗಿ ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ನಾನು ಹಿತ್ತಲ ಕಡೆ ಹೋದೆ. ಅಲ್ಲಿ ಬಾವಿ ಇತ್ತು. ಇಣುಕಿ ನೋಡಿದೆ. ನೀರು ಬಹಳ ಕೆಳಗಿತ್ತು, ಆದರೆ ಇತ್ತು. ಅದರಲ್ಲಿ ಒಂದು ತುಂಡು ಕೆಂಪು ಆಕಾಶವಿತ್ತು.

ಹೈದರಾಬಾದಿನಲ್ಲಿ ಆಪರೇಶನ್ ಆಯಿತು. ಆ ಬೆಳಿಗ್ಗೆ ನಾನು ಮನೆಯಲ್ಲಿ ಕೂರಲಾರದೆ, ಏನೂ ಬೇಕಿಲ್ಲದೆ, ಸೂಪರ್ ಮಾರ್ಕೆಟ್‌ನಲ್ಲಿ ಸುಮ್ಮನೆ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದೆ. ಅವರ ಗಂಡನ ಫೋನ್ ಬಂತು. ಆಟೋಗಳ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಒಂದು ಕಿವಿ ಮುಚ್ಚಿಕೊಂಡು "ಏನಂದ್ರಿ? ಏನಂದ್ರಿ?" ಎಂದು ಕಿರುಚಿದೆ. ಅವರೂ ಅಷ್ಟೇ ಜೋರಾಗಿ, ಜೀವಮಾನದಲ್ಲಿ ಮೊದಲ ಸಲವೇ ಇರಬೇಕು, ಕಿರುಚಿದರು.

"ಮೂತ್ರ ಬಂತ್ರೀ ಮೇಡಂ! ಟೇಬಲ್ ಮ್ಯಾಲೇ ಶುರು ಆತಂತ! ಅಮ್ಮೀದು ಕೆಲಸ ಮಾಡಾಕತ್ತದ!"

"ಮೂತ್ರ ಬಂತಾ!" ಎಂದು ನಾನು ಕೂಗಿದ್ದಕ್ಕೆ ಬಂಗಾರದ ಅಂಗಡಿಯ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಅಂಥ ಸುದ್ದಿ ಕೇಳಿ ಆ ಬಜಾರಿನ ನಡುವೆ ನಿಂತು ಅತ್ತ ಹೆಂಗಸು ನಾನೊಬ್ಬಳೇ ಇರಬೇಕು. ಒಬ್ಬ ಆಟೋದವ, "ಕ್ಯಾ ಹುವಾ ಬಾಯಿ, ಸಬ್ ಖೈರಿಯತ್?" ಎಂದು ಕೇಳಿದ. ಎಲ್ಲ ಕ್ಷೇಮ, ಖೈರಿಯತ್ ಎಂದೆ.

ಮೂರು ತಿಂಗಳಿಗೂ ಹೆಚ್ಚು ಕಾಲ ಬಸ್ಸಿನಲ್ಲಿ ನಾನು ಒಬ್ಬಳೇ ತೂಕಡಿಸಿದೆ. ಆಮೇಲೆ ಒಂದು ದಿನ ಅವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು ಕಿಟಕಿಯ ಪಕ್ಕ ಕೂತರು. ಹೆಗಲಲ್ಲಿ ಮಕ್ಕಳು ಸಾಲೆಗೆ ಹಾಕಿಕೊಂಡು ಹೋಗುವಂಥ ದೊಡ್ಡ ನೀರಿನ ಬಾಟಲಿ. ಈಗ ಡಾಕ್ಟರ ಮಾತು ಉಲ್ಟಾ ಆಗಿತ್ತು. ಹೊಸ ಮೂತ್ರಪಿಂಡ ಒಣಗಬಾರದು, ನೀರಡಿಕೆ ಇರಲಿ ಬಿಡಲಿ ಕುಡಿಯುತ್ತಲೇ ಇರಬೇಕು. "ಮದಲ ಕುಡದ್ರ ಬೈತಿದ್ರು, ಈಗ ಕುಡೀಲಿಲ್ಲಂದ್ರ ಬೈತಾರ," ಎಂದು ಮಾಸ್ಕಿನ ಹಿಂದೆ ನಕ್ಕರು. ಕನಸಿನ ಬಾವಿ ಏನಾಯಿತು ಎಂದು ಕೇಳಿದೆ. ಆ ಕನಸು ಬೀಳುವುದು ನಿಂತಿದೆ ಎಂದರು. ಹೇಳುವಾಗ ದನಿಯಲ್ಲಿ ಸ್ವಲ್ಪ ಬೇಸರವಿದ್ದ ಹಾಗೆ ಕಂಡಿತು.

ಅಮ್ಮಿಯೂ ಚೇತರಿಸಿಕೊಂಡು, ಉಳಿದ ಒಂದೇ ಮೂತ್ರಪಿಂಡದಲ್ಲಿ ಮೊದಲಿನಷ್ಟೇ ಜೋರಾಗಿ ಆಳುಗಳನ್ನು ಗದರಿಸುತ್ತ ತೋಟ ಮಾಡಿಸಿದರು. ನಾವು ಬಸ್ಸಿಳಿಯುವ ಹೊತ್ತಿಗೆ ಕೆಂಬಾಳೆ ಕೈಚೀಲದಲ್ಲಿ ಹಿಡಿದು ಕೆಲವು ಸಲ ನಿಂತಿರುತ್ತಿದ್ದರು. ಮಗಳನ್ನು ಕೇಳುತ್ತಿರಲಿಲ್ಲ, ನನ್ನನ್ನೇ ಕೇಳುತ್ತಿದ್ದರು: "ನಂದು ಹೆಂಗ ನಡಸ್ಯಾಳ್ರಿ? ಛಲೋ ನೋಡ್ಕೊಳ್ಳಾಕತ್ತಾಳಿಲ್ಲ?" ಹೀಗೆ ವರ್ಷಗಳು ಕಳೆದವು. ತಾಯಿ ಮಗಳಿಬ್ಬರೂ ಒಳ್ಳೆಯ ವರ್ಷಗಳನ್ನೇ ಕಂಡರು.

ಅಮ್ಮಿ ತೀರಿಕೊಂಡದ್ದು ಎರಡು ಬೇಸಿಗೆಯ ಹಿಂದೆ. ಕಾಯಿಲೆಯೇನಿಲ್ಲ. ನಸುಕಿನಲ್ಲಿ ನಮಾಜಿಗೆ ಎದ್ದವರು ಹೊರಸಿನ ಮೇಲೆ ಮತ್ತೆ ಒರಗಿ, ಹಾಗೇ ಉಳಿದರಂತೆ. ನನಗೆ ಸುದ್ದಿ ಸಿಕ್ಕು ನಾನು ಕಮಲಾಪುರ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಗಂಡಸರು ಖಬರಸ್ತಾನದಿಂದ ವಾಪಸು ಬಂದು ಬಾಗಿಲ ಹೊರಗೆ ಕುರ್ಚಿಗಳಲ್ಲಿ ಕೂತಿದ್ದರು. ಮೂರು ಗಂಟೆಯ ಬಿಸಿಲು. ಆಪಾ ಅವರ ಗಂಡ ನನ್ನನ್ನು ನೋಡಿ ಎದ್ದು ಬಂದರು.

"ಮುಂಜಾನಿಂದ ಒಂದು ಹನಿ ನೀರ ಮುಟ್ಟಿಲ್ರೀ ಆಕಿ. ಗುಳಿಗಿನೂ ತಗೊಂಡಿಲ್ಲ. ಡಾಕ್ಟರ್ ಏನ್ ಹೇಳ್ಯಾರ ನಿಮಗ ಗೊತ್ತೇ ಅದ. ಈ ಝಳದಾಗ ಹಿಂಗ ಕುಂತ್ರ ಏನ್ ಗತಿ? ಎಲ್ಲಾರೂ ಹೇಳಿ ನೋಡಿದ್ವಿ. ನೀವರ ಹೇಳ್ರಿ."

ಒಳಗೆ ಹೆಂಗಸರು ಗೋಡೆಗುಂಟ ಕೂತಿದ್ದರು. ಆಪಾ ಅಮ್ಮಿಯ ಖಾಲಿ ಹೊರಸಿನ ಕಾಲಿಗೆ ಒರಗಿ ನೆಲದ ಮೇಲಿದ್ದರು. ತುಟಿ ಒಡೆದಿತ್ತು. ನನ್ನನ್ನು ನೋಡಿದರು, ಅಥವಾ ನನ್ನ ದಿಕ್ಕಿಗೆ ನೋಡಿದರು. ಯಾರೋ ಒಬ್ಬರು ನನ್ನ ಕೈಗೆ ನೀರಿನ ಗ್ಲಾಸು, ಗುಳಿಗೆಯ ಡಬ್ಬಿ ಕೊಟ್ಟರು. ನಾನು ಪಕ್ಕದಲ್ಲಿ ಕೂತೆ. ಕೂಲರ್ ಒಂದೇ ಮಾತಾಡುತ್ತಿತ್ತು. ಗ್ಲಾಸನ್ನು ಮುಂದೆ ಹಿಡಿದೆ.

"ಬ್ಯಾಡ್ರಿ," ಎಂದರು. "ನನಗ ಇಳಿಯಂಗಿಲ್ಲ."

ನನಗೆ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಯೋಚಿಸಿ ಆಡಿದ್ದಲ್ಲ.

"ನಿಮಗಲ್ರೀ ಆಪಾ," ಎಂದೆ. "ಅಮ್ಮಿಗಿ."

ಅವರು ತಿರುಗಿ, ಈಗ ನಿಜವಾಗಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕೈ ತಾನಾಗಿ ಹೊಟ್ಟೆಯ ಕೆಳಗೆ ಬಲಬದಿಗೆ, ಅಮ್ಮಿ ಕೊಟ್ಟದ್ದು ಇರುವ ಜಾಗಕ್ಕೆ ಹೋಯಿತು, ಸೀರೆಯ ಮೇಲಿಂದ ಅಲ್ಲಿ ಅಂಗೈ ಇಟ್ಟುಕೊಂಡರು. ಇನ್ನೊಂದು ಕೈ ಚಾಚಿ ಗ್ಲಾಸು ತೆಗೆದುಕೊಂಡರು. ಗುಳಿಗೆ ನುಂಗಿದರು. ಕಣ್ಣು ಮುಚ್ಚಿ, ಮೆಲ್ಲಗೆ, ಗುಟುಕು ಗುಟುಕಾಗಿ, ಒಂದು ಹನಿಯೂ ಉಳಿಯದ ಹಾಗೆ ಕುಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಖಾಲಿ ಗ್ಲಾಸನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಇನ್ನೊಂದು ಕೊಡ್ರಿ ಮೇಡಮ್ಮೋರೆ. ಬ್ಯಾಸಿಗ್ಯಾಗ ಅಮ್ಮಿಗಿ ಒಂದು ಗ್ಲಾಸ್ ಎಂದೂ ಸಾಲ್ತಿದ್ದಿಲ್ಲ."